ಮನೆಗೆ ಸೌರ ಬ್ಯಾಟರಿ ಕೊಳ್ಳುವ ಮುನ್ನ

ಮಾಳಿಗೆಯ ಮೇಲೆ ಸೋಲಾರ್ ಹಾಕಿಸಿಬಿಟ್ಟರೆ ಕರೆಂಟು ಹೋದಾಗಲೂ ಮನೆಯಲ್ಲಿ ದೀಪ ಉರಿಯುತ್ತದೆ ಎಂದು ನೀವೂ ನಂಬಿದ್ದೀರಾ? ಹಾಗಿದ್ದರೆ ಅಂಗಡಿಯವರಿಗೆ ಮುಂಗಡ ಕೊಡುವ ಮುನ್ನ ಸ್ವಲ್ಪ ಬಿಡುವು ಮಾಡಿಕೊಂಡು ಇದನ್ನು ಓದಿ.

ನಮ್ಮ ಸಂಡೂರಿನಲ್ಲಿ, ನಮ್ಮ ಬೀದಿಯಲ್ಲೇ ನಡೆದದ್ದು ಹೇಳುತ್ತೇನೆ. ಪಕ್ಕದ ಮನೆಯವರು ಸಾಲ ಮಾಡಿ ಮೂರು ಕಿಲೋವಾಟಿನ ಸೋಲಾರ್ ಹಾಕಿಸಿದರು. ಫಲಕಗಳು ಫಳಫಳ ಹೊಳೆಯುತ್ತಿದ್ದವು. ನೋಡಲು ಬಂದವರಿಗೆಲ್ಲ ಚಹಾ ಕೊಟ್ಟದ್ದೂ ಆಯಿತು. ಮಾರ್ಚ್ ತಿಂಗಳಲ್ಲಿ ಮಗಳ ಎಸ್ಸೆಸ್ಸೆಲ್ಸಿ ಪರೀಕ್ಷೆಯ ಹಿಂದಿನ ದಿನ ಟ್ರಾನ್ಸ್‌ಫಾರ್ಮರ್ ಕೆಟ್ಟಿತು. ಮಧ್ಯಾಹ್ನ ಎರಡು ಗಂಟೆ, ಸುಡು ಬಿಸಿಲು, ಆದರೂ ಅವರ ಮನೆಯ ಫ್ಯಾನು ನಿಂತುಹೋಯಿತು. ರಾತ್ರಿ ಆ ಹುಡುಗಿ ಓದಿದ್ದು ಮೇಣದ ಬತ್ತಿಯ ಬೆಳಕಿನಲ್ಲಿ. "ಬಿಸಿಲಿದ್ದಾಗ್ಲೇ ಫ್ಯಾನು ನಿಂತೈತಲ್ರೀ ಅಕ್ಕಾ, ಇದೆಂಥ ಸೋಲಾರು?" ಎಂದು ಆಕೆ ಕೇಳಿದಾಗ ನನಗೂ ಉತ್ತರ ಗೊತ್ತಿರಲಿಲ್ಲ. ಆಮೇಲೆ ಲೈನ್‌ಮನ್‌ನನ್ನು, ಹೊಸಪೇಟೆಯ ಎರಡು ಮೂರು ಅಂಗಡಿಯವರನ್ನು, ಬಳ್ಳಾರಿಯಲ್ಲಿ ಎಲೆಕ್ಟ್ರಿಕಲ್ ಕೆಲಸ ಮಾಡುವ ನಮ್ಮ ಮೈದುನನನ್ನು ಕೇಳಿ ಕೇಳಿ ತಿಳಿದುಕೊಂಡೆ. ನಾನು ಹೈಸ್ಕೂಲು ಓದಿದವಳು. ಇದಕ್ಕೆ ಅದಕ್ಕಿಂತ ಹೆಚ್ಚಿನ ಓದೇನೂ ಬೇಡ, ಗುಣಾಕಾರ ಬಂದರೆ ಸಾಕು.

ಬಿಸಿಲಿದ್ದರೂ ಫ್ಯಾನು ನಿಲ್ಲುವುದೇಕೆ?

ಈಗ ಹೆಚ್ಚಾಗಿ ಹಾಕುತ್ತಿರುವ ಸೋಲಾರ್ ಜೆಸ್ಕಾಂ ತಂತಿಗೆ ಜೋಡಿಸಿದ ಬಗೆಯದು. ಹಗಲು ಫಲಕ ಮಾಡಿದ ವಿದ್ಯುತ್ತಿನಲ್ಲಿ ಮನೆಗೆ ಬೇಕಾದಷ್ಟು ಮನೆಗೆ, ಮಿಕ್ಕಿದ್ದು ತಂತಿಗೆ. ಹೋದದ್ದನ್ನೂ ಬಂದದ್ದನ್ನೂ ಮೀಟರು ಲೆಕ್ಕ ಇಡುತ್ತದೆ. ಆದರೆ ಬೀದಿಯ ಕರೆಂಟು ಹೋದ ಕೂಡಲೇ ಈ ಬಗೆಯ ಇನ್ವರ್ಟರು ತಾನಾಗಿಯೇ ನಿಂತುಬಿಡಬೇಕು. ಅದೇ ನಿಯಮ, ಅದು ಒಳ್ಳೆಯದೇ. ಕರೆಂಟು ಇಲ್ಲವೆಂದು ನಂಬಿ ಕಂಬ ಹತ್ತಿದ ಲೈನ್‌ಮನ್‌ಗೆ ನಿಮ್ಮ ಮಾಳಿಗೆಯಿಂದ ಹೋದ ವಿದ್ಯುತ್ತು ತಗುಲಿದರೆ ಗತಿಯೇನು? ಆತನಿಗೂ ಹೆಂಡತಿ ಮಕ್ಕಳಿದ್ದಾರೆ.

ಕರೆಂಟು ಇಲ್ಲದಾಗಲೂ ಬೆಳಕು ಬೇಕೆಂದರೆ ಬ್ಯಾಟರಿ ಬೇಕು, ಬ್ಯಾಟರಿಯನ್ನೂ ಬೀದಿ ತಂತಿಯನ್ನೂ ಬೇರೆ ಬೇರೆಯಾಗಿ ನಿಭಾಯಿಸುವ 'ಹೈಬ್ರಿಡ್' ಎಂಬ ಇನ್ವರ್ಟರು ಬೇಕು. ಪಕ್ಕದ ಮನೆಯವರಿಗೆ ಇದನ್ನು ಮಾರಿದವರು ಹೇಳಿರಲಿಲ್ಲ, ಇವರು ಕೇಳಿರಲಿಲ್ಲ. ಈಗ ಬ್ಯಾಟರಿ ಸೇರಿಸಬೇಕೆಂದರೆ ಇನ್ವರ್ಟರನ್ನೂ ಬದಲಿಸಬೇಕು ಎನ್ನುತ್ತಿದ್ದಾರೆ. ಆದ್ದರಿಂದ ಇವತ್ತು ಬ್ಯಾಟರಿ ಬೇಡವೆನಿಸಿದರೂ, ಮುಂದೆ ಸೇರಿಸಲು ಬರುತ್ತದೆಯೇ ಎಂದು ಮೊದಲೇ ಕೇಳಿಕೊಳ್ಳಿ.

2024ರಲ್ಲಿ ಬಂದ ಪ್ರಧಾನಮಂತ್ರಿ ಸೂರ್ಯ ಘರ್ ಯೋಜನೆಯಲ್ಲಿ ಒಂದು ಕಿಲೋವಾಟಿಗೆ 30,000 ರೂಪಾಯಿ, ಎರಡಕ್ಕೆ 60,000, ಮೂರು ಅಥವಾ ಅದಕ್ಕಿಂತ ಹೆಚ್ಚಿಗೆ 78,000 ರೂಪಾಯಿ ಸಬ್ಸಿಡಿ ಇದೆ. ಈ ಲೆಕ್ಕವೆಲ್ಲ ಫಲಕದ ಕಿಲೋವಾಟಿನ ಮೇಲೆ. ಬ್ಯಾಟರಿಯ ಖರ್ಚು ನಮ್ಮದೇ. 'ಎಲ್ಲಕ್ಕೂ ಸಬ್ಸಿಡಿ ಬರುತ್ತೆ ಅಮ್ಮಾ' ಎಂದು ಯಾರಾದರೂ ಅಂದರೆ ಒಂದು ಚೀಟಿಯ ಮೇಲೆ ಬರೆದುಕೊಡಿ ಎನ್ನಿ.

ನಿಮಗೆ ಬೇಕಾದದ್ದು ಬಿಲ್ಲು ಇಳಿಸುವುದೋ, ಬೆಳಕೋ?

ಇದನ್ನು ಮನೆಯವರೆಲ್ಲ ಕುಳಿತು ಮೊದಲು ತೀರ್ಮಾನಿಸಬೇಕು. ನಮ್ಮಂಥ ಎಷ್ಟೋ ಮನೆಗಳಲ್ಲಿ 2023ರಲ್ಲಿ ಶುರುವಾದ ಗೃಹಜ್ಯೋತಿಯಿಂದಾಗಿ ಬಿಲ್ಲೇ ಬರುವುದಿಲ್ಲ, ಅಥವಾ ತೀರ ಕಡಿಮೆ ಬರುತ್ತದೆ. ಬಿಲ್ಲೇ ಇಲ್ಲದ ಮನೆಯಲ್ಲಿ ಬಿಲ್ಲು ಉಳಿಸಲು ಬ್ಯಾಟರಿ ತರುವುದರಲ್ಲಿ ಅರ್ಥವಿಲ್ಲ. ಹಾಗಾದರೆ ಬ್ಯಾಟರಿ ಯಾತಕ್ಕೆ? ಕರೆಂಟು ಇಲ್ಲದ ಆ ಎರಡು ತಾಸಿಗೆ, ಮೂರು ತಾಸಿಗೆ. ಮಕ್ಕಳ ಓದಿಗೆ, ಹಿರಿಯರ ನಿದ್ದೆಗೆ. ನಮ್ಮ ಅತ್ತೆಯವರಿಗೆ ಉಬ್ಬಸ. ರಾತ್ರಿ ಹೊತ್ತು ನೆಬ್ಯುಲೈಸರ್ ಇಡಬೇಕಾಗುತ್ತದೆ, ಆಗ ಕರೆಂಟು ಇಲ್ಲವೆಂದರೆ ನಡೆಯುವುದಿಲ್ಲ. ಲಂಬಾಣಿ ಕಸೂತಿ ಹಾಕುವ ನಮ್ಮೂರ ಹೆಂಗಸರಿಗೆ ಸಂಜೆಯ ಬೆಳಕೆಂದರೆ ಕೂಲಿಯೇ.

ಇನ್ನೊಂದು ಮಾತನ್ನೂ ಧೈರ್ಯವಾಗಿ ಹೇಳುತ್ತೇನೆ, ಮಾರುವವರಿಗೆ ಸಿಟ್ಟು ಬಂದರೂ ಚಿಂತೆಯಿಲ್ಲ. ಊರೊಳಗಿನ ಮನೆ, ದಿನಕ್ಕೆ ಒಂದೋ ಎರಡೋ ತಾಸು ಮಾತ್ರ ಕರೆಂಟು ಹೋಗುತ್ತದೆ ಎನ್ನುವವರಿಗೆ ಬೀದಿ ಕರೆಂಟಿನಿಂದಲೇ ತುಂಬಿಕೊಳ್ಳುವ ಸಾಧಾರಣ ಯುಪಿಎಸ್ ಸಾಕು. ತೋಟದ ಮನೆ, ತಾಂಡಾ, ಮಳೆಗಾಳಿಗೆ ಕಂಬ ಬಿದ್ದರೆ ಎರಡು ದಿನ ಯಾರೂ ಬಾರದ ಜಾಗ, ಇಂಥ ಕಡೆಯವರಿಗೆ ಫಲಕ ಮತ್ತು ಬ್ಯಾಟರಿ ಎರಡೂ ನಿಜವಾಗಿ ಬೇಕು.

ಲೆಕ್ಕ ನೀವೇ ಹಾಕಿ

ಅಂಗಡಿಗೆ ಹೋದರೆ ಮೊದಲು ಕೇಳುವ ಪ್ರಶ್ನೆ, "ಎಷ್ಟು ದೊಡ್ಡದು ಬೇಕು?" ಯಜಮಾನರು ಪಕ್ಕದ ಮನೆಯಲ್ಲಿ ಎಷ್ಟಿದೆಯೋ ಅದಕ್ಕಿಂತ ಒಂದು ಕೈ ಹೆಚ್ಚು ಹೇಳಿ ಬರುತ್ತಾರೆ. ಯಾವ ಕೋಣೆಯ ದೀಪ ಎಷ್ಟು ಹೊತ್ತು ಉರಿಯುತ್ತದೆ, ಯಾವ ಫ್ಯಾನಿನ ಕೆಳಗೆ ಯಾರು ಮಲಗುತ್ತಾರೆ ಎಂಬುದು ಮನೆಯಲ್ಲಿರುವ ನಮಗಲ್ಲವೇ ಗೊತ್ತು? ಹಾಲಿನವನ ಲೆಕ್ಕ ಬರೆಯುವ ಪುಸ್ತಕದ ಕೊನೆಯ ಪುಟದಲ್ಲೇ ಬರೆದುಕೊಳ್ಳಿ.

ನಮ್ಮ ಮನೆಯ ಲೆಕ್ಕ ಹೀಗಿತ್ತು. ನಾಲ್ಕು ಎಲ್‌ಇಡಿ ಬಲ್ಬು, ಒಂದೊಂದು 9 ವಾಟ್, ನಾಲ್ಕು ತಾಸಿಗೆ 144. ಎರಡು ಫ್ಯಾನು, ಒಂದೊಂದು 75 ವಾಟ್, ನಾಲ್ಕು ತಾಸಿಗೆ 600. ಮಗನ ಓದಿಗೆ ಬೇಕಾದ ವೈಫೈ ಪೆಟ್ಟಿಗೆ 10 ವಾಟ್, ನಾಲ್ಕು ತಾಸಿಗೆ 40. ಟಿವಿ 60 ವಾಟ್, ಎರಡೇ ತಾಸು, 120. ಒಟ್ಟು 904. ಸಾವಿರವಾದರೆ ಒಂದು ಯೂನಿಟ್. ಅಂದರೆ ನಾಲ್ಕು ತಾಸು ಕರೆಂಟು ಇಲ್ಲದಿದ್ದರೆ ನಮಗೆ ಬೇಕಾದದ್ದು ಒಂದು ಯೂನಿಟ್ಟಿಗಿಂತ ಸ್ವಲ್ಪ ಕಡಿಮೆ.

ಇದರಲ್ಲಿ ಮೂರಕ್ಕೆ ಎರಡು ಪಾಲಿನ ಹತ್ತಿರ ತಿನ್ನುವುದು ಯಾವುದು, ಗಮನಿಸಿದಿರಾ? ಫ್ಯಾನು! ಈಗ ಬಿಎಲ್‌ಡಿಸಿ ಎಂಬ ಫ್ಯಾನು ಬಂದಿವೆ, ಸುಮಾರು 30 ವಾಟಿನಲ್ಲೇ ಅಷ್ಟೇ ಗಾಳಿ ಕೊಡುತ್ತವೆ. ಎರಡು ಫ್ಯಾನು ಬದಲಿಸಿದರೆ 600 ಇದ್ದದ್ದು 240ಕ್ಕೆ ಇಳಿದು, ಒಟ್ಟು ಲೆಕ್ಕ 544 ಆಗುತ್ತದೆ. ದೊಡ್ಡ ಬ್ಯಾಟರಿಗೆ ಕೊಡುವ ದುಡ್ಡಿನಲ್ಲಿ ಸ್ವಲ್ಪ ಭಾಗ ಫ್ಯಾನಿಗೆ ಕೊಟ್ಟರೆ ಚಿಕ್ಕ ಬ್ಯಾಟರಿಯೇ ಸಾಕಾಗುತ್ತದೆ. ಇದನ್ನು ಯಾವ ಅಂಗಡಿಯವನೂ ತಾನಾಗಿ ಹೇಳಲಿಲ್ಲ.

ಈಗ ಬ್ಯಾಟರಿಯ ಲೆಕ್ಕ. ಮೇಲೆ 12 ವೋಲ್ಟ್, 150 ಎಎಚ್ ಎಂದು ಬರೆದಿರುತ್ತದೆ. ಎರಡನ್ನೂ ಗುಣಿಸಿ, 1800. ಅಂದರೆ 1.8 ಯೂನಿಟ್. ಆದರೆ ಅಷ್ಟೂ ನಮ್ಮದಲ್ಲ. ಆಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಖಾಲಿ ಮಾಡುತ್ತ ಹೋದರೆ ಬೇಗ ಸಾಯುತ್ತದೆ. ಇನ್ವರ್ಟರು ತನ್ನ ಪಾಲು ಸ್ವಲ್ಪ ತಿನ್ನುತ್ತದೆ. ಕೈಗೆ ಸಿಕ್ಕುವುದು ಮುಕ್ಕಾಲು ಯೂನಿಟ್ ಎಂದಿಟ್ಟುಕೊಳ್ಳಿ. ನಮ್ಮ ಹಳೆಯ ಫ್ಯಾನಿನ 904ಕ್ಕೆ ಅದು ಸಾಲದು, ಹೊಸ ಫ್ಯಾನಿನ 544ಕ್ಕೆ ಧಾರಾಳ.

ಇನ್ವರ್ಟರಿನ ಅಳತೆಯೇ ಬೇರೆ. ಒಂದೇ ಹೊತ್ತಿಗೆ ಎಷ್ಟು ವಾಟ್ ಎಳೆಯಬಹುದು ಎಂಬುದನ್ನು ಅದು ಹೇಳುತ್ತದೆ. ಕಣಜದ ಬಾಯಿ ಎಷ್ಟು ಅಗಲ ಎಂಬುದು ಇನ್ವರ್ಟರು, ಕಣಜ ಎಷ್ಟು ಆಳ ಎಂಬುದು ಬ್ಯಾಟರಿ. ಮಿಕ್ಸಿ 500ರಿಂದ 750 ವಾಟ್, ಇಸ್ತ್ರಿ ಪೆಟ್ಟಿಗೆ ಸಾವಿರದ ಹತ್ತಿರ, ಗೀಸರು ಎರಡು ಸಾವಿರ, ಒಂದು ಎಚ್‌ಪಿ ಪಂಪು 746. ಇವನ್ನೆಲ್ಲ ಬ್ಯಾಟರಿಯ ಮೇಲೆ ಹಾಕಬೇಡಿ. ಫ್ರಿಜ್ಜು ಶುರುವಾಗುವಾಗ ಒಂದು ಕ್ಷಣ ಹಲವು ಪಟ್ಟು ಹೆಚ್ಚು ಎಳೆಯುತ್ತದೆ. ಬಾಗಿಲು ತೆಗೆಯದೆ ಬಿಟ್ಟರೆ ಮೂರು ನಾಲ್ಕು ತಾಸು ತಂಪಾಗಿಯೇ ಇರುತ್ತದಲ್ಲ, ಬಿಟ್ಟುಬಿಡಿ. ಕರೆಂಟಿಲ್ಲದ ಹೊತ್ತಿನಲ್ಲಿ ಚಟ್ನಿಗೆ ಒರಳುಕಲ್ಲು ಇದ್ದೇ ಇದೆ. (ರುಚಿಯೂ ಹೆಚ್ಚು, ನಮ್ಮ ಸೊಸೆ ಮುದ್ದುಗಳು ಒಪ್ಪಲಿ ಬಿಡಲಿ.) ವೈರಿಂಗ್ ಮಾಡುವಾಗಲೇ ಬ್ಯಾಟರಿಗೆ ಸೇರುವ ದೀಪ ಫ್ಯಾನುಗಳ ಸಾಲನ್ನು ಬೇರೆ ಮಾಡಿಸಿ. ದೇವರ ಮನೆ, ಅಡಿಗೆಮನೆ, ಬಚ್ಚಲ ದಾರಿ, ಹಿರಿಯರ ಕೋಣೆ ಯಾವುದೂ ಬಿಟ್ಟುಹೋಗದಂತೆ ನೀವೇ ಎದುರಿಗೆ ನಿಂತು ನೋಡಿ.

ಫಲಕ ಎಷ್ಟು ಬೇಕು? ನಮ್ಮ ಬಿಸಿಲಿನಲ್ಲಿ ಒಂದು ಕಿಲೋವಾಟ್ ಫಲಕ ದಿನಕ್ಕೆ ಸರಾಸರಿ ನಾಲ್ಕು ಯೂನಿಟ್ ಕೊಡುತ್ತದೆ, ನೂರು ಚದರಡಿ ಜಾಗ ಬೇಡುತ್ತದೆ. ಮೇಲಿನಂಥ ಒಂದು ಬ್ಯಾಟರಿಗೆ ಅದರ ಅರ್ಧದಷ್ಟು ಫಲಕ ಸಾಕು. ಮಳೆಗಾಲದಲ್ಲಿ ಸಂಡೂರಿನ ಗುಡ್ಡಗಳ ಮೇಲೆ ಮೋಡ ಕುಳಿತರೆ ಏಳುವುದೇ ಇಲ್ಲ. ಆ ದಿನಗಳಿಗೆ ಬೀದಿ ಕರೆಂಟಿನಿಂದಲೂ ಬ್ಯಾಟರಿ ತುಂಬುವ ಅನುಕೂಲ ಇರಲಿ.

ಆಸಿಡ್ಡೋ, ಲಿಥಿಯಮ್ಮೋ?

ಸೀಸ ಮತ್ತು ಆಸಿಡ್ಡಿನ ಬ್ಯಾಟರಿ ಇವತ್ತಿನದಲ್ಲ. 1859ರಲ್ಲಿ ಫ್ರಾನ್ಸಿನ ಗಾಸ್ಟನ್ ಪ್ಲಾಂಟೆ ಎಂಬಾತ ಕಂಡುಹಿಡಿದದ್ದು. ನಾವು 'ಟ್ಯೂಬುಲರ್' ಎನ್ನುವುದು ಅದರದೇ ಗಟ್ಟಿಮುಟ್ಟಾದ ತಳಿ. ಲಿಥಿಯಂ ಹೊಸದು. ಅದನ್ನು ರೂಪಿಸಿದ ಮೂವರಿಗೆ 2019ರಲ್ಲಿ ನೊಬೆಲ್ ಬಂತು. ಅವರಲ್ಲಿ ಜಾನ್ ಗುಡ್‌ಎನಫ್ ಎಂಬುವರಿಗೆ ಆಗ 97 ವರ್ಷ! ಮನೆಗೆ ಒಗ್ಗುವ ಲಿಥಿಯಂ ಐರನ್ ಫಾಸ್ಫೇಟ್ ಎಂಬ ಬಗೆಯೂ ಅವರ ಪ್ರಯೋಗಶಾಲೆಯಿಂದಲೇ ಬಂದದ್ದು. ಅಂಗಡಿಯಲ್ಲಿ ಇದನ್ನು 'ಎಲ್‌ಎಫ್‌ಪಿ' ಎನ್ನುತ್ತಾರೆ. ಬೇರೆ ಲಿಥಿಯಂ ಬಗೆಗಳಿಗಿಂತ ಇದಕ್ಕೆ ಬೆಂಕಿಯ ಭಯ ಕಡಿಮೆ. ಲಿಥಿಯಂ ತಗೊಂಡರೆ ಇದನ್ನೇ ಕೇಳಿ.

ಬ್ಯಾಟರಿಯ ಆಯಸ್ಸು ತಿಳಿಯಬೇಕಾದರೆ ನಮ್ಮ ತುಂಗಭದ್ರಾ ಜಲಾಶಯವನ್ನು ನೆನೆಯಿರಿ. ಕಟ್ಟಿದಾಗ ಅದರಲ್ಲಿ 133 ಟಿಎಂಸಿ ನೀರು ನಿಲ್ಲುತ್ತಿತ್ತು. ಹೂಳು ತುಂಬಿ ತುಂಬಿ ಈಗ ಸುಮಾರು 105. ಹೊರಗಿನಿಂದ ನೋಡಿದರೆ ಅಣೆಕಟ್ಟು ಅದೇ, ಒಳಗೆ ಹಿಡಿಯುವುದು ಮಾತ್ರ ಕಡಿಮೆ. ಆಸಿಡ್ ಬ್ಯಾಟರಿಗೂ ಹಾಗೆಯೇ ಹೂಳು ಕೂರುತ್ತದೆ. ಪೂರ್ತಿ ತುಂಬದೆ ಅರೆಬರೆ ಬಿಟ್ಟರೆ ಸೀಸದ ತಟ್ಟೆಗಳ ಮೇಲೆ ಗಟ್ಟಿ ಪದರ ಕಟ್ಟುತ್ತದೆ. ದಿನವೂ ಖಾಲಿ ಮಾಡಿ ತುಂಬಿದರೆ ಸಾವಿರ, ಹೆಚ್ಚೆಂದರೆ ಒಂದೂವರೆ ಸಾವಿರ ಸಲ ಬಾಳುತ್ತದೆ. ಅಂದರೆ ಮೂರು ನಾಲ್ಕು ವರ್ಷ. ಅಪರೂಪಕ್ಕೆ ಬಳಸಿ, ನೀರು ಸರಿಯಾಗಿ ನೋಡಿಕೊಂಡರೆ ಐದಾರು ವರ್ಷಕ್ಕೆ ಮೋಸವಿಲ್ಲ. ಎಲ್‌ಎಫ್‌ಪಿ ಎರಡು ಮೂರು ಸಾವಿರ ಸಲಕ್ಕೂ ಮೀರಿ ನಡೆಯುತ್ತದೆ, ಹತ್ತು ವರ್ಷದ ಮಾತು. ಅದರಲ್ಲಿ ಹತ್ತಕ್ಕೆ ಎಂಟು ಒಂಬತ್ತು ಪಾಲು ಬಳಸಬಹುದು. ಆದ್ದರಿಂದ 100 ಎಎಚ್ ಲಿಥಿಯಂ ನಮ್ಮ ಕೈಗೆ ಕೊಡುವುದು 150 ಎಎಚ್ ಆಸಿಡ್ಡಿಗಿಂತ ಹೆಚ್ಚೇ. ಟ್ಯೂಬುಲರ್ ಐವತ್ತು ಅರವತ್ತು ಕಿಲೋ ತೂಗಿದರೆ ಇದು ಹದಿನೈದು ಕಿಲೋ ಒಳಗೆ.

ಹಾಗಾದರೆ ಎಲ್ಲರೂ ಲಿಥಿಯಂ ತರಬೇಕೇ? ನನ್ನ ಅಭಿಪ್ರಾಯ ಹಾಗಿಲ್ಲ. ಅದರ ಬೆಲೆ ಮೊದಲೇ ಎರಡು ಪಟ್ಟು, ಕೆಲವೆಡೆ ಇನ್ನೂ ಹೆಚ್ಚು. ವಾರಕ್ಕೆರಡು ಸಲ ಕರೆಂಟು ಹೋಗುವ ಮನೆಗೆ ಟ್ಯೂಬುಲರ್ ಸಾಕು, ಉಳಿದ ದುಡ್ಡು ಚೀಟಿಯಲ್ಲೋ ಬ್ಯಾಂಕಿನಲ್ಲೋ ಇರಲಿ. ದಿನವೂ ಬ್ಯಾಟರಿಯ ಮೇಲೆಯೇ ರಾತ್ರಿ ಕಳೆಯುವ ತೋಟದ ಮನೆಯವರಿಗೆ, ನೀರು ನೋಡುವುದು ಮರೆಯುವವರಿಗೆ, ಜಾಗ ಇಕ್ಕಟ್ಟಾದವರಿಗೆ ಲಿಥಿಯಂ ಕೊನೆಗೆ ಅಗ್ಗವೇ ಬೀಳುತ್ತದೆ. ಒಂದು ಎಚ್ಚರಿಕೆ: ಹಳೆಯ ಯುಪಿಎಸ್‌ಗೆ ಲಿಥಿಯಂ ಬ್ಯಾಟರಿಯನ್ನು ಹಾಗೆಯೇ ಸಿಕ್ಕಿಸಬೇಡಿ. ಚಾರ್ಜು ಮಾಡುವ ರೀತಿ ಬೇರೆ. ಆ ಯುಪಿಎಸ್‌ನಲ್ಲಿ ಲಿಥಿಯಂಗೆ ಅನುಕೂಲವಿದೆಯೇ ಎಂದು ಕೇಳಿಯೇ ಮುಂದುವರಿಯಿರಿ.

ಎಲ್ಲಿ ಇಡುವುದು?

ಈ ವಿಷಯದಲ್ಲಿ ಎಷ್ಟು ಹೇಳಿದರೂ ಕಡಿಮೆ. ನಮ್ಮ ಕಡೆ ಬೇಸಿಗೆ 40 ಡಿಗ್ರಿ ದಾಟುತ್ತದೆ. 25 ಡಿಗ್ರಿಗಿಂತ ಪ್ರತಿ ಹತ್ತು ಡಿಗ್ರಿ ಸೆಖೆ ಏರಿದಂತೆ ಆಸಿಡ್ ಬ್ಯಾಟರಿಯ ಆಯಸ್ಸು ಹೆಚ್ಚು ಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಮಾಳಿಗೆ ಮೇಲಿನ ತಗಡಿನ ಶೆಡ್ಡು ಬೇಡವೇ ಬೇಡ. ನೆಲಮಟ್ಟದಲ್ಲಿ, ನೆರಳಿನಲ್ಲಿ, ಗಾಳಿಯಾಡುವ ಪಡಸಾಲೆಯ ಮೂಲೆ ಒಳ್ಳೆಯದು.

ಮೆಟ್ಟಿಲ ಕೆಳಗಿನ ಮುಚ್ಚಿದ ಗೂಡಿನಲ್ಲಿ ಇಡುವವರು ಬಹಳ. ಆಸಿಡ್ ಬ್ಯಾಟರಿ ತುಂಬುವಾಗ ಹೈಡ್ರೋಜನ್ ಎಂಬ ಅನಿಲ ಬಿಡುತ್ತದೆ, ಅದು ಬೇಗ ಹೊತ್ತಿಕೊಳ್ಳುತ್ತದೆ. ಹತ್ತಿರ ದೀಪ, ಊದುಬತ್ತಿ, ಸ್ಟೌ ಇರಕೂಡದು. ಆಯುಧಪೂಜೆಯ ದಿನ ಬ್ಯಾಟರಿಗೆ ಕುಂಕುಮ ಹಚ್ಚಿ ಹೂವಿಡಿ, ಬೇಡ ಎನ್ನುವುದಿಲ್ಲ. ಆರತಿ ಮಾತ್ರ ದೂರದಿಂದ. ಮಕ್ಕಳು ಮಲಗುವ ಕೋಣೆಯೂ ಬೇಡ.

ಬ್ಯಾಟರಿಯ ತಲೆ ಒರೆಸುವಾಗ, ನೀರು ಹಾಕುವಾಗ ಚಿನ್ನದ ಬಳೆ, ಉಂಗುರ ತೆಗೆದಿಡಿ, ಮಾಂಗಲ್ಯದ ಸರವನ್ನು ರವಿಕೆಯೊಳಗೆ ಸೇರಿಸಿಕೊಳ್ಳಿ. ಎರಡು ತುದಿಗಳ ನಡುವೆ ಲೋಹ ತಗುಲಿದರೆ ಕ್ಷಣದಲ್ಲಿ ಕಾದು ಕೆಂಪಾಗುತ್ತದೆ, ಕೈ ಸುಡುತ್ತದೆ. ಮೊದಲು ಸ್ವಿಚ್ಚು ಆರಿಸಿ. ಹಾಕುವ ನೀರು ಡಿಸ್ಟಿಲ್ಡ್ ವಾಟರ್ ಮಾತ್ರ. ಬೋರಿನ ನೀರೂ ಬೇಡ, ಫಿಲ್ಟರ್ ನೀರೂ ಬೇಡ. ಗುರುತಿನ ಕಡ್ಡಿ ಇಳಿದಾಗಲೇ ಹಾಕಿ, ಬೇಸಿಗೆಯಲ್ಲಿ ತಿಂಗಳಿಗೊಮ್ಮೆ ನೋಡಿ, ಮಿಕ್ಕ ದಿನಗಳಲ್ಲಿ ಎರಡು ಮೂರು ತಿಂಗಳಿಗೊಮ್ಮೆ. ಬಿಳಿ ಬೂಷ್ಟು ಕಂಡರೆ ಸ್ವಿಚ್ಚು ಆರಿಸಿ ಒದ್ದೆ ಬಟ್ಟೆಯಿಂದ ಒರೆಸಿ, ವ್ಯಾಸಲೀನ್ ಸವರಿ. ಆಸಿಡ್ ನೆಲಕ್ಕೆ ಚೆಲ್ಲಿದರೆ ಅಡಿಗೆ ಸೋಡಾ ಉದುರಿಸಿ. ಮೈಗೋ ಕಣ್ಣಿಗೋ ಸಿಡಿದರೆ ಕಾಲು ಗಂಟೆ ಧಾರಾಳವಾಗಿ ನೀರಿನಲ್ಲಿ ತೊಳೆದು ಡಾಕ್ಟರ ಹತ್ತಿರ ಹೋಗಿ. ಎಣ್ಣೆ ಅರಿಶಿನ ಹಚ್ಚುತ್ತ ಕೂರಬೇಡಿ. ಇನ್ನು ಹತ್ತಿ ಸೀರೆಯ ಸೆರಗಿಗೆ ಒಂದು ಹನಿ ಬಿದ್ದರೂ ಒಗೆದ ಮೇಲೆ ತೂತು ಕಾಣುತ್ತದೆ, ಹಳೆಯ ಸೀರೆ ಉಟ್ಟೇ ಈ ಕೆಲಸ ಮಾಡಿ.

ಫಲಕದ ಬಗ್ಗೆ ಎರಡು ಮಾತು. ನಮ್ಮೂರಿನ ಕೆಂಪು ಧೂಳು ನಿಮಗೆ ಹೇಳಬೇಕಾಗಿಲ್ಲ. ಅದಿರಿನ ಲಾರಿ ಓಡಾಡುವ ದಾರಿಯ ಮನೆಗಳಲ್ಲಿ ಒಣಗಿಸಿದ ಸಂಡಿಗೆಯೇ ಕೆಂಪಾಗುತ್ತದೆ, ಇನ್ನು ಫಲಕ ಯಾವ ಲೆಕ್ಕ! ಧೂಳು ಕುಳಿತಷ್ಟೂ ವಿದ್ಯುತ್ತು ಕಡಿಮೆ. ಬೆಳಿಗ್ಗೆ ಬೇಗ ಅಥವಾ ಸಂಜೆ ಮೆತ್ತನೆ ಬಟ್ಟೆಯಿಂದ ತೊಳೆಯಿರಿ, ಮಧ್ಯಾಹ್ನ ಕಾದ ಗಾಜಿನ ಮೇಲೆ ತಣ್ಣೀರು ಸುರಿಯಬೇಡಿ. ಹಂಪಿ, ಆನೆಗೊಂದಿ ಕಡೆಯವರು ತಂತಿಗಳನ್ನೆಲ್ಲ ಕೊಳವೆಯೊಳಗೆ ಹಾಕಿಸಿಕೊಳ್ಳಿ. ಕೋತಿಗಳು ಯಾವುದನ್ನೂ ಬಿಡುವುದಿಲ್ಲ.

ಅಂಗಡಿಯಲ್ಲಿ ಕೇಳಬೇಕಾದದ್ದು

ಎಎಚ್ ಪಕ್ಕದಲ್ಲಿ 'ಸಿ-10' ಇದೆಯೋ 'ಸಿ-20' ಇದೆಯೋ ನೋಡಿ. ಸೋಲಾರ್ ಬ್ಯಾಟರಿಗೆ ಸಿ-10 ಬರೆದಿರುತ್ತಾರೆ, ಅಂದರೆ ಹತ್ತು ತಾಸಿನಲ್ಲಿ ಅಷ್ಟನ್ನೂ ಕೊಡಬಲ್ಲದು. ಸಿ-20 ಅಂದರೆ ನಿಧಾನವಾಗಿ, ಇಪ್ಪತ್ತು ತಾಸಿನಲ್ಲಿ. ಎರಡರ ಮೇಲೂ 150 ಎಂದೇ ಇದ್ದರೂ ಸಿ-10 ಇರುವುದೇ ದೊಡ್ಡದು. ಬೆಲೆ ಹೋಲಿಸುವಾಗ ಇದನ್ನು ಮರೆತರೆ ಮೋಸ ಹೋಗುತ್ತೀರಿ. ಸೌರ ಬಳಕೆಯ ಬ್ಯಾಟರಿಗೆ ಐಎಸ್ 16270 ಎಂಬ ಭಾರತೀಯ ಗುಣಮಟ್ಟದ ಸಂಖ್ಯೆ ಇದೆ, ಅದನ್ನೂ ಹುಡುಕಿ.

ವಾರಂಟಿ '36+24 ತಿಂಗಳು' ಎಂದರೆ ಐದು ವರ್ಷ ಎಂದು ಹಿಗ್ಗಬೇಡಿ. ಮೊದಲ 36 ತಿಂಗಳಲ್ಲಿ ಕೆಟ್ಟರೆ ಬದಲಿ ಬ್ಯಾಟರಿ ಕೊಡುತ್ತಾರೆ. ಮುಂದಿನ 24ರಲ್ಲಿ ಕೆಟ್ಟರೆ ಹೊಸದರ ಬೆಲೆಯಲ್ಲಿ ಒಂದಿಷ್ಟು ರಿಯಾಯಿತಿ, ಅಷ್ಟೇ. ಮೊದಲ ಅಂಕಿ ಯಾವುದರಲ್ಲಿ ದೊಡ್ಡದಿದೆಯೋ ಅದನ್ನು ನೋಡಿ.

ಎಲ್ಲಕ್ಕಿಂತ ಮುಖ್ಯವಾಗಿ, ಕೆಟ್ಟಾಗ ಬಂದು ನೋಡುವವರು ಎಲ್ಲಿದ್ದಾರೆ? ನಮ್ಮ ಕರ್ನಾಟಕದಲ್ಲೇ ಇದಕ್ಕೊಂದು ಒಳ್ಳೆಯ ಉದಾಹರಣೆ ಇದೆ. ಹರೀಶ್ ಹಂದೆ ಅವರು ಸೇರಿ 1995ರಲ್ಲಿ ಬೆಂಗಳೂರಿನಲ್ಲಿ ಶುರುಮಾಡಿದ ಸೆಲ್ಕೋ ಸಂಸ್ಥೆ, ಕರೆಂಟು ಕಾಣದ ಹಳ್ಳಿಮನೆಗಳಿಗೆ ಒಂದು ಫಲಕ, ಒಂದು ಬ್ಯಾಟರಿ, ಎರಡೋ ನಾಲ್ಕೋ ದೀಪ, ಹೀಗೆ ಅವರವರ ಅಗತ್ಯಕ್ಕೆ ತಕ್ಕಂತೆ ಕೊಟ್ಟಿತು. ಬ್ಯಾಂಕಿನಿಂದ ಸಾಲದ ವ್ಯವಸ್ಥೆ, ರಿಪೇರಿಗೆ ಹತ್ತಿರದಲ್ಲೇ ಜನ. ಹಂದೆ ಅವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಬಡವರ ಮನೆಗೆ ಹಾಕುವಾಗಲೇ ಮೊದಲು ಅಗತ್ಯ ಕೇಳಿ ಅಳತೆ ಮಾಡಿದರೆಂದ ಮೇಲೆ, ನಾವು ದುಡ್ಡು ಕೊಟ್ಟು ಕೊಳ್ಳುವವರು ಕೇಳಿಸಿಕೊಳ್ಳುವ ಅಂಗಡಿಯನ್ನೇ ಹುಡುಕಬಾರದೇಕೆ? ಸಂಡೂರಿನವರು ಹೊಸಪೇಟೆಯಲ್ಲೋ ಬಳ್ಳಾರಿಯಲ್ಲೋ ಸರ್ವೀಸ್ ಕೇಂದ್ರ ಇರುವ ಕಂಪನಿಯದನ್ನೇ ಕೊಳ್ಳಿ, ಅಲ್ಲಿಗೆ ಒಮ್ಮೆ ಫೋನು ಮಾಡಿ ಎತ್ತುತ್ತಾರೋ ಇಲ್ಲವೋ ಪರೀಕ್ಷಿಸಿ. ನಾನು ಮೂರು ಕಡೆ ಮಾಡಿದೆ, ಒಂದು ಕಡೆಯವರು ಮಾತ್ರ ಎತ್ತಿದರು. ನಮ್ಮ ವ್ಯಾಪಾರ ಅವರ ಹತ್ತಿರವೇ ಆಯಿತು.

ಕೊನೆಗೆ ಹಳೆಯ ಬ್ಯಾಟರಿಯ ವಿಚಾರ. ಗುಜರಿಯವನು ಬೀದಿಗೆ ಬಂದು ಕೂಗಿದನೆಂದು ಅವನಿಗೆ ಹಾಕಬೇಡಿ. ಬಯಲಲ್ಲಿ ಒಡೆದು ಸೀಸ ಕರಗಿಸುತ್ತಾರೆ. ಆ ಹೊಗೆ, ಆ ಮಣ್ಣು ಅಲ್ಲಿ ಆಡುವ ಮಕ್ಕಳ ಮೈ ಸೇರಿ ಬುದ್ಧಿಯ ಬೆಳವಣಿಗೆಯನ್ನೇ ಕುಂದಿಸುತ್ತದೆ. 2022ರ ನಿಯಮದ ಪ್ರಕಾರ ಹಳೆಯ ಬ್ಯಾಟರಿಗಳನ್ನು ಹಿಂದಕ್ಕೆ ಪಡೆದು ವಿಲೇವಾರಿ ಮಾಡುವ ಹೊಣೆ ತಯಾರಕರದು. ಆಸಿಡ್ ಬ್ಯಾಟರಿಗೆ ಅಂಗಡಿಯಲ್ಲಿ ಹೊಸದರ ಬೆಲೆಯಲ್ಲಿ ಮುರಿದುಕೊಳ್ಳುವಷ್ಟು ದುಡ್ಡೂ ಸಿಗುತ್ತದೆ. ಹೊಸದನ್ನು ಇಳಿಸಿಕೊಳ್ಳುವ ದಿನವೇ ಹಳೆಯದನ್ನು ಕೊಟ್ಟು, ಎಷ್ಟು ಮುರಿದುಕೊಂಡರೆಂದು ಬಿಲ್ಲಿನಲ್ಲಿ ಬರೆಸಿ, ವಾರಂಟಿ ಕಾರ್ಡಿಗೆ ಅಂಗಡಿಯ ಮೊಹರು ಮತ್ತು ತಾರೀಖು ಹಾಕಿಸಿಕೊಂಡು, ಎರಡನ್ನೂ ರೇಷನ್ ಕಾರ್ಡು ಇಡುವ ಡಬ್ಬಿಯಲ್ಲೇ ಇಟ್ಟುಕೊಳ್ಳಿ.